ದೆವ್ವ ಬಿಡಿಸುವ ಅಧಿಕಾರ ಯಾರದು?

ದೆವ್ವ ಇದೆಯೋ ಇಲ್ಲವೋ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತಿಕೊಂಡಿಲ್ಲ. ಆ ಕೆಲಸವನ್ನು ಅಬ್ರಹಾಂ ಕೋವೂರರು ಊರೂರು ತಿರುಗಿ ಮಾಡಿ ೧೯೭೮ರಲ್ಲಿ ತೀರಿಕೊಂಡರು. ಅವರೂ ಕೇರಳದ ಒಬ್ಬ ಪಾದ್ರಿಯ ಮಗನೇ ಅನ್ನೋದನ್ನ ನಮ್ಮ ವಿಚಾರವಾದಿ ಗೆಳೆಯರು ಮರೆಯುತ್ತಾರೆ. ನಮ್ಮ ಪ್ರಶ್ನೆ ಬೇರೆ. ದೆವ್ವಕ್ಕೆ "ಹೊರಟು ಹೋಗು" ಅಂತ ಹೇಳುವ ಅಧಿಕಾರ ಯಾರದು? ಆ ಅಧಿಕಾರವನ್ನು ಯಾರು ಯಾರಿಂದ ಕಿತ್ತುಕೊಂಡರು? ಮತ್ತೆ ಅದು ನಮ್ಮ ಕೇರಿಯ ಹೆಂಗಸಿನ ಕೈಗೆ ಬಂದಾಗ ಸರಕಾರಕ್ಕೂ ಮಠಕ್ಕೂ ಯಾಕೆ ಮೈಯುರಿ?

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಎಂದರೆ ಈಗ ಹೊರಗಿನವರಿಗೆ ಊರಿನ ನೆನಪಾಗೋದಿಲ್ಲ, ಕೈಗಾರಿಕಾ ಪ್ರದೇಶದ ನೆನಪಾಗುತ್ತದೆ. ಬೆಂಗಳೂರಿನ ಸುತ್ತ ಹೊಲ ಹೋಗಿ ಶೆಡ್ಡು ಬಂದ ಇಂಥ ಎಲ್ಲ ಕಡೆಯೂ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಪಾಳಿ ಮುಗಿಸಿದ ಕೂಲಿಗಳು, ಗಾರ್ಮೆಂಟಿನ ಹೆಣ್ಣುಮಕ್ಕಳು, ಕಸ ಗುಡಿಸುವವರು ಬಾಡಿಗೆ ಕೋಣೆಯಲ್ಲೋ ಶೀಟಿನ ಮನೆಯಲ್ಲೋ ಕೂಡುತ್ತಾರೆ. ಉಪವಾಸ ಪ್ರಾರ್ಥನೆ ಅಂತಾರೆ, ಬಿಡುಗಡೆಯ ಪ್ರಾರ್ಥನೆ ಅಂತಾರೆ. ಬಿಡುಗಡೆ! ನಮ್ಮ ಚಳವಳಿಯ ಕರಪತ್ರಗಳಲ್ಲಿ ಎಷ್ಟು ಸಲ ಅಚ್ಚಾದ ಮಾತು ಅದು. ಅದೇ ಮಾತನ್ನು ಅದೇ ಜನ ಬೇರೆ ಅರ್ಥದಲ್ಲಿ ಆಡುತ್ತಿರುವಾಗ ಮೂಢನಂಬಿಕೆ ಅಂತ ಒಂದು ಪದ ಎಸೆದು ಹೋಗುವುದು ಓದಿದವರ ಸೋಮಾರಿತನ.

ಮೊದಲು ಬೈಬಲ್ಲನ್ನೇ ನೋಡೋಣ. ಕನ್ನಡದಲ್ಲಿ ಇಡೀ ಬೈಬಲ್ ೧೮೩೧ರ ಹೊತ್ತಿಗೆ ಬಳ್ಳಾರಿಯಲ್ಲಿ ಅಚ್ಚಾಯಿತು. ಅದರಲ್ಲಿ ಯೇಸು ದೆವ್ವ ಬಿಡಿಸುವ ಅಧಿಕಾರವನ್ನು ಕೊಟ್ಟದ್ದು ಯಾರಿಗೆ? ದೇವಾಲಯದ ಪುರೋಹಿತರಿಗಲ್ಲ, ಬಲೆ ಹಾಕುವ ಬೆಸ್ತರಿಗೆ, ಸುಂಕದವನಿಗೆ. ಅಪೊಸ್ತಲರ ಕೃತ್ಯಗಳಲ್ಲಿ ಸ್ಕೇವನೆಂಬ ಮಹಾಯಾಜಕನ ಏಳು ಮಕ್ಕಳ ಕತೆ ಇದೆ. ಯೇಸುವಿನ ಹೆಸರು ಹೇಳಿ ದೆವ್ವ ಬಿಡಿಸಲು ಹೋಗಿ, ದೆವ್ವ ಹಿಡಿದವನ ಕೈಲೇ ಒದೆ ತಿಂದು ಬಟ್ಟೆಯಿಲ್ಲದೆ ಓಡುತ್ತಾರೆ. ವಂಶದಿಂದ ಬಂದ ಪೌರೋಹಿತ್ಯ ಅಲ್ಲಿ ಕೆಲಸಕ್ಕೆ ಬರಲಿಲ್ಲ! ಅದೇ ಪುಸ್ತಕದಲ್ಲಿ ಫಿಲಿಪ್ಪಿ ಪಟ್ಟಣದ ಒಬ್ಬಳು ದಾಸಿಯಿದ್ದಾಳೆ. ಅವಳ ಮೈಮೇಲೆ ಬರುವ ಆತ್ಮ ಕಣಿ ಹೇಳುತ್ತದೆ, ಕಾಸು ಒಡೆಯರ ಜೇಬಿಗೆ ಹೋಗುತ್ತದೆ. ಪೌಲ ಆ ಆತ್ಮವನ್ನು ಬಿಡಿಸಿದ ತಕ್ಷಣ ಒಡೆಯರು ಅವನನ್ನು ಹಿಡಿದು ಜೈಲಿಗೆ ಹಾಕಿಸುತ್ತಾರೆ. ಅವರ ನಷ್ಟ ಸಂಪಾದನೆಯ ನಷ್ಟ. ದೇವದಾಸಿ ಪದ್ಧತಿಯ ಬಗ್ಗೆ ಹೋರಾಡಿದವರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಗೆರಸೇನರ ಸೀಮೆಯಲ್ಲಿ ಸ್ಮಶಾನದಲ್ಲಿದ್ದ ಆ ಮನುಷ್ಯನ ಮೈಯೊಳಗಿನ ದೆವ್ವದ ಹೆಸರು ರೋಮನ್ ದಂಡಿನ ಹೆಸರು. ನಾಡನ್ನು ಹಿಡಿದ ದಂಡೇ ಅವನ ಮೈಯನ್ನೂ ಹಿಡಿದಿತ್ತು ಅಂತ ನಾವು ಓದಿದರೆ ತಪ್ಪೇನು?

ಇದು ಹಾಗೇ ಉಳಿಯಲಿಲ್ಲ. ಕ್ರಿ.ಶ. ೨೫೧ರಲ್ಲಿ ರೋಮಿನ ಬಿಷಪ್ ಕಾರ್ನೆಲಿಯಸ್ ಬರೆದ ಕಾಗದದಲ್ಲಿ ಭೂತ ಬಿಡಿಸುವವರು, ಪಾಠ ಓದುವವರು, ಬಾಗಿಲು ಕಾಯುವವರು ಎಲ್ಲ ಸೇರಿ ೫೨ ಜನ ಎಂದು ಲೆಕ್ಕವಿದೆ. ಅಂದರೆ ಆಗಲೇ ಅದು ಒಂದು ಹುದ್ದೆಯಾಗಿತ್ತು, ಆದರೂ ಬಾಗಿಲು ಕಾಯುವವನ ಪಕ್ಕದ ಹುದ್ದೆ. ೧೬೧೪ರಲ್ಲಿ ಕಥೋಲಿಕ ಸಭೆ ಭೂತೋಚ್ಚಾಟನೆಗೆ ವಿಧಿ ಪುಸ್ತಕ ಮಾಡಿತು. ೧೯೭೨ರಲ್ಲಿ ಆ ಹಳೆಯ ಕೆಳದರ್ಜೆಯ ಹುದ್ದೆಯನ್ನೇ ತೆಗೆದುಹಾಕಿತು. ೧೯೮೩ರ ಧರ್ಮಸಭಾ ಕಾನೂನಿನ ಪ್ರಕಾರ ಬಿಷಪ್ಪರ ಸ್ಪಷ್ಟ ಅಪ್ಪಣೆ ಪಡೆದ ಪಾದ್ರಿ ಮಾತ್ರ ದೆವ್ವ ಹಿಡಿದವರ ಮೇಲೆ ಆ ವಿಧಿ ನಡೆಸಬಹುದು. ದುರುಪಯೋಗ ತಡೆಯಲು ಇಂಥ ಕಟ್ಟು ಬೇಕು ಅನ್ನುವ ವಾದವನ್ನು ನಾವು ತಳ್ಳಿಹಾಕೋದಿಲ್ಲ. ಆದರೆ ಬೆಸ್ತನ ಕೈಲಿದ್ದದ್ದು ಬಿಷಪ್ಪನ ಮೇಜಿಗೆ ಹೋದ ದಾರಿ ಮಾತ್ರ ನಮಗೆ ಪರಿಚಿತವಾದದ್ದೇ.

ಈಗ ನಮ್ಮ ಕಡೆಗೆ ಬನ್ನಿ. ಬಯಲುಸೀಮೆಯ ಕೇರಿಗಳಲ್ಲಿ ಮಾರಮ್ಮ ಬರುವುದು, ಮುನೇಶ್ವರ ಬರುವುದು, ಗಾಳಿ ಸೋಕುವುದು ಇವೆಲ್ಲ ದಿನದ ಮಾತು. ಮೈಮೇಲೆ ದೇವರು ಬಂದಾಗ ಮಾತ್ರ ಅಸ್ಪೃಶ್ಯನ ಬಾಯಿಗೆ ಬೆಲೆ. ಥರ್ಸ್ಟನ್ ೧೯೦೯ರ ಸಂಪುಟಗಳಲ್ಲಿ ತೆಲುಗು ಸೀಮೆಯ ಮಾತಂಗಿಯ ವಿಚಾರ ಬರೆದಿದ್ದಾನೆ. ಮಾದಿಗರ ಹೆಣ್ಣು ಮೈದುಂಬಿ ಬಂದು ಮೇಲ್ಜಾತಿಯವರನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ, ಮೇಲೆ ಉಗುಳುತ್ತಾಳೆ, ಅವರು ಅದನ್ನು ಪುಣ್ಯವೆಂದು ತಗೋತಾರೆ. ಜಾತ್ರೆ ಮುಗಿದ ಮೇಲೆ ಅವಳು ಮತ್ತೆ ಮಾದಿಗಿತ್ತಿ. ತುಳುನಾಡಲ್ಲೂ ಹಾಗೆಯೇ. ಭೂತ ಕಟ್ಟುವವರು ಪಂಬದರು, ಪರವರು, ನಲಿಕೆಯವರು. ಬಣ್ಣ ಹಚ್ಚಿ ನಿಂತಾಗ ಗುತ್ತಿನ ಯಜಮಾನನಿಗೆ ಕೈಮುಗಿಸುತ್ತಾರೆ, ಬಣ್ಣ ತೊಳೆದ ಮೇಲೆ ಅಂಗಳದಾಚೆ. ಒಂದು ರಾತ್ರಿಯ ಅಧಿಕಾರ ಅದು.

ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ಮಿಷನರಿಗಳು ಶಾಲೆ ತೆರೆದರು, ಹೆಂಚಿನ ಕಾರ್ಖಾನೆ ತೆರೆದರು, ಪಾಡ್ದನಗಳನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡರು. ಅದಕ್ಕೆ ನಾವು ಋಣಿಗಳು. ಆದರೆ ಮ್ಯಾನರ್ ಸಂಗ್ರಹಿಸಿದ ಪಾಡ್ದನಗಳೂ ಸೇರಿದ ಬರ್ನೆಲ್‌ನ ಕಾಗದಗಳು ೧೮೯೪ರಿಂದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಚ್ಚಾದಾಗ ಅದಕ್ಕೆ ಕೊಟ್ಟ ತಲೆಬರಹದ ಅರ್ಥ "ತುಳುವರ ಸೈತಾನಪೂಜೆ" ಎಂದು. ಬಲ್ಲಾಳನಿಗೆ ಎದುರು ನಿಂತ ಕೋಟಿ ಚೆನ್ನಯರೂ ಅದರೊಳಗೇ! ಇತ್ತ ವೈದಿಕರ ಪುಸ್ತಕದಲ್ಲಿ ನಮ್ಮ ದೇವರುಗಳು ಮೊದಲೇ ಕ್ಷುದ್ರ ದೇವತೆಗಳು. ಇಬ್ಬರ ಶಾಯಿ ಬೇರೆ, ಬರೆದ ಹೆಸರು ಒಂದೇ. ಸ್ವಾರಸ್ಯ ನೋಡಿ, ಕನ್ನಡದ ದೆವ್ವ ಎಂಬ ಮಾತೇ ದೈವ ಎಂಬುದರ ತದ್ಭವ. ಮೇಲಿನವರ ಬಾಯಲ್ಲಿ ದೈವವಾಗಿ ಉಳಿದದ್ದು ಕೆಳಗಿನವರ ಬಾಯಲ್ಲಿ ದೆವ್ವವಾಗಿ ಹೋಯಿತು.

ಬೆಂಗಳೂರು ಸೀಮೆಯಲ್ಲಿ ಲಂಡನ್ ಮಿಷನ್ನಿನವರು ೧೮೨೦ರಿಂದ ಇದ್ದರು. ಬೆಂಜಮಿನ್ ರೈಸ್ ೧೮೩೭ರಲ್ಲಿ ಬಂದು ಐವತ್ತು ವರ್ಷ ಇಲ್ಲೇ ಕೆಲಸ ಮಾಡಿ ೧೮೮೭ರಲ್ಲಿ ತೀರಿಕೊಂಡರು. ಶಾಸನಗಳ ಲೂಯಿಸ್ ರೈಸ್ ಅವರ ಮಗ. ಈ ತಲೆಮಾರಿನ ಪ್ರಾಟೆಸ್ಟೆಂಟ್ ಮಿಷನರಿಗಳಿಗೆ ಶಾಲೆ ಮತ್ತು ಆಸ್ಪತ್ರೆಯ ಮೇಲೆ ನಂಬಿಕೆ ಹೆಚ್ಚು. ಯೇಸು ಬಿಡಿಸಿದ ದೆವ್ವಗಳೇನೋ ನಿಜ, ಆದರೆ ನಿನ್ನ ಮಗಳಿಗೆ ಹಿಡಿದ ದೆವ್ವ ಅಜ್ಞಾನ ಅಂದರು. ಕ್ರೈಸ್ತಳಾದ ಬಡವಿ ಏನು ಮಾಡಬೇಕು? ಭಾನುವಾರ ಚರ್ಚಿಗೆ, ಅಮಾವಾಸ್ಯೆಯ ರಾತ್ರಿ ಕದ್ದು ಮಂತ್ರವಾದಿಯ ಮನೆಗೆ. ಮದ್ರಾಸಿನ ಕ್ರೈಸ್ತರ ನಡುವೆ ಅಧ್ಯಯನ ಮಾಡಿದ ಲಯೊನೆಲ್ ಕ್ಯಾಪ್ಲನ್ ೧೯೮೭ರ ಪುಸ್ತಕದಲ್ಲಿ ತೋರಿಸಿದ್ದು ಇದನ್ನೇ. ಮಿಷನರಿ ಬಿಟ್ಟುಹೋದ ಈ ಖಾಲಿ ಜಾಗಕ್ಕೆ ಪೆಂಟೆಕೊಸ್ತಿನವರು ಬಂದರು. ಅವರು, ನಿನ್ನ ದೆವ್ವ ನಿಜ, ಯೇಸುವಿನ ಹೆಸರು ಅದಕ್ಕಿಂತ ದೊಡ್ಡದು ಅಂದರು. ಬಡವರ ನೋವನ್ನು ಸುಳ್ಳು ಅನ್ನದೆ ಇದ್ದದ್ದೇ ಅವರ ಗೆಲುವಿನ ಗುಟ್ಟು.

ಈ ಪಂಥ ಅಮೆರಿಕದಿಂದ ಆಮದಾದದ್ದು ಅಂತ ಒಂದೇ ಮಾತಲ್ಲಿ ಮುಗಿಸುವವರಿದ್ದಾರೆ. ಪಂಡಿತಾ ರಮಾಬಾಯಿ ೧೮೫೮ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಬ್ರಾಹ್ಮಣ ವಿಧವೆ, ಕ್ರೈಸ್ತಳಾದಳು, ಪುಣೆಯ ಹತ್ತಿರ ಕೇಡಗಾಂವದಲ್ಲಿ ಮುಕ್ತಿ ಎಂಬ ಆಶ್ರಮ ಕಟ್ಟಿದಳು. ಬರಗಾಲದಲ್ಲಿ ದಿಕ್ಕೆಟ್ಟ ಹೆಣ್ಣುಮಕ್ಕಳು, ಬಾಲವಿಧವೆಯರು ಅಲ್ಲಿದ್ದರು. ೧೯೦೫ರ ಜೂನ್‌ನಲ್ಲಿ ಆ ಹುಡುಗಿಯರು ಅಳುತ್ತ, ಗಟ್ಟಿಯಾಗಿ ಕೂಗುತ್ತ, ಪವಿತ್ರಾತ್ಮ ಬಂತೆಂದು ಎದ್ದು ನಿಂತರು. ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಗುಲಾಮರ ಮಗ ವಿಲಿಯಂ ಸೀಮೂರ್ ನಡೆಸಿದ ಸಭೆ ಶುರುವಾದದ್ದು ಮರುವರ್ಷ, ೧೯೦೬ರಲ್ಲಿ. ಅತ್ತ ಗುಲಾಮರ ಮಗ, ಇತ್ತ ಬರಗಾಲದ ಹುಡುಗಿಯರು. ಬಾಯಿ ಮುಚ್ಚಿಸಿಕೊಂಡವರೇ ಎರಡೂ ಕಡೆ ಬಾಯಿ ತೆರೆದರು. ಅಪ್ಪಣೆ ಕೊಡಲು ಮೇಲೆ ಯಾವ ಬಿಷಪ್ಪನೂ ಇರಲಿಲ್ಲ.

ನಮಗೆ ಇದರಲ್ಲಿ ಮುಖ್ಯವೆನ್ನಿಸುವುದು ಇಷ್ಟು. ಮಂತ್ರವಾದಿಯ ಅಧಿಕಾರ ಗುರುವಿನಿಂದ ಬಂದದ್ದು, ಗುಟ್ಟಿನದು, ಕಾಸಿನದು. ಪೂಜಾರಿಯದು ಹುಟ್ಟಿನಿಂದ ಬಂದದ್ದು. ಪ್ರಾರ್ಥನೆಯ ಮನೆಯಲ್ಲಿ ನಂಬಿದ ಪ್ರತಿಯೊಬ್ಬಳಿಗೂ ಅಧಿಕಾರವಿದೆ ಅಂತಾರೆ. ಬೆಳಿಗ್ಗೆ ಕಂಪನಿಯಲ್ಲಿ ಸೂಪರ್‌ವೈಸರನ ಬೈಗುಳ ತಿಂದವಳು ಸಂಜೆ ಇನ್ನೊಬ್ಬಳ ತಲೆಯ ಮೇಲೆ ಕೈಯಿಟ್ಟು ಸೈತಾನನಿಗೇ ಆಜ್ಞೆ ಮಾಡುತ್ತಾಳೆ. ಆಜ್ಞೆ ಮಾಡುವುದು! ನಮ್ಮ ಹೆಂಗಸರಿಗೆ ಆ ಕ್ರಿಯಾಪದವೇ ಹೊಸದು. ಕುಡಿತದ ದೆವ್ವ ಬಿಡಲಿ ಅಂತ ಹತ್ತು ಜನ ಸುತ್ತ ಕೂತು ಅತ್ತಾಗ ಗಂಡ ಕುಡಿಯೋದು ಬಿಟ್ಟ ಮನೆಗಳೂ ಇವೆ. ಸಾರಾಯಿ ವಿರೋಧಿ ಚಳವಳಿಯಲ್ಲಿದ್ದವರು ಇದನ್ನು ಲಘುವಾಗಿ ಕಾಣಬಾರದು.

ಹಾಗಂತ ಕಣ್ಣು ಮುಚ್ಚಿ ಜೈ ಅನ್ನಲಿಕ್ಕೂ ನಾವು ತಯಾರಿಲ್ಲ. ಎಲ್ಲರದೂ ಆದ ಅಧಿಕಾರ ಬಲು ಬೇಗ ಒಬ್ಬನದಾಗುತ್ತದೆ. ಮೈಕು ಬಂತು, ವೇದಿಕೆ ಬಂತು, "ಅಭಿಷಿಕ್ತರು" ಬಂದರು. ಪಾಸ್ಟರನ ಮಾತು ಮೀರಿದರೆ ದೆವ್ವ, ಪ್ರಶ್ನೆ ಕೇಳಿದರೆ ದೆವ್ವ. ದೆವ್ವ ಹಿಡಿಯುವುದು ಮಾತ್ರ ಬಹುಪಾಲು ಹೆಣ್ಣಿಗೇ, ಬಿಡಿಸುವವನು ಬಹುಪಾಲು ಗಂಡಸೇ. ಅವಳ ಕೂದಲು ಹಿಡಿದು ಕೇಳುವ ಪ್ರಶ್ನೆ "ಯಾರು ನೀನು?" ಅಂತ. ಅವಳು ಹೇಳುವ ಹೆಸರು ಮಾರಮ್ಮ, ಮುನಿಯಪ್ಪ, ಇಲ್ಲವೇ ಬಾವಿಗೆ ಬಿದ್ದು ಸತ್ತ ಓರಗಿತ್ತಿ. ನಮ್ಮ ಸತ್ತವರನ್ನೂ ನಮ್ಮ ದೇವರನ್ನೂ ನಮ್ಮ ಬಾಯಿಂದಲೇ ಸೈತಾನ ಅನ್ನಿಸುವುದು ಎಂಥ ಬಿಡುಗಡೆ? ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ೧೯೮೧ರಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಮಾತೆತ್ತಿದರು, ಅಲ್ಲಿಂದ ದಲಿತ ದೇವತಾಶಾಸ್ತ್ರ ಬೆಳೆಯಿತು. ನಮಗೆ ಕಂಡಮಟ್ಟಿಗೆ ಆ ಚಿಂತನೆ ಸೆಮಿನಾರುಗಳಲ್ಲಿ ಕೇಳಿಸುವಷ್ಟು ಶೀಟಿನ ಮನೆಯಲ್ಲಿ ಕೇಳಿಸುವುದಿಲ್ಲ.

ಇದು ಕ್ರೈಸ್ತರ ಕತೆ ಮಾತ್ರ ಅಂತ ಯಾರೂ ಬೀಗಬೇಕಾಗಿಲ್ಲ. ಗಾಣಗಾಪುರದಲ್ಲಿ ಮಧ್ಯಾಹ್ನದ ಆರತಿಯ ಹೊತ್ತಿಗೆ ಕಂಬ ಹತ್ತಿ ಕಿರುಚುವವರನ್ನು ಹೋಗಿ ನೋಡಿ. ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾದ ಆಸರೆಗೆಂದು ಕರೆತಂದು ಸರಪಳಿಯಲ್ಲಿ ಕಟ್ಟಿಹಾಕಿದ್ದ ೨೮ ಮನೋರೋಗಿಗಳು ಬೆಂಕಿಯಲ್ಲಿ ಬೆಂದು ಸತ್ತರು. ನಮ್ಮ ರಾಜ್ಯದ ೨೦೧೭ರ ಮೌಢ್ಯಾಚರಣೆ ವಿರೋಧಿ ಕಾನೂನು ೨೦೨೦ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹಗ್ಗ ಸರಪಳಿಯಿಂದ ಕಟ್ಟುವುದು, ಕೋಲು ಚಾಟಿಯಿಂದ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಚಪ್ಪಲಿ ನೆನೆಸಿದ ನೀರು ಕುಡಿಸುವುದು ಎಲ್ಲವೂ ಅದರಲ್ಲಿ ಅಪರಾಧ. ಪಾಸ್ಟರ್, ಪೂಜಾರಿ, ಮೌಲ್ವಿ ಎಂಬ ಭೇದ ಅದರಲ್ಲಿಲ್ಲ. ಒಳ್ಳೆಯ ಕಾನೂನು.

ಇನ್ನೊಂದು ಕಾನೂನಿನ ವಿಚಾರ ಬೇರೆ. ೨೦೨೨ರ ಮತಾಂತರ ನಿಷೇಧ ಕಾಯಿದೆಯಲ್ಲಿ "ಆಮಿಷ" ಎಂಬುದರ ಪಟ್ಟಿಯೊಳಗೆ ದೇವರ ಅವಕೃಪೆಯ ಮಾತನ್ನೂ ಸೇರಿಸಿದರು. ಸಾಮಾನ್ಯವಾಗಿ ೩ರಿಂದ ೫ ವರ್ಷ ಶಿಕ್ಷೆ. ಮತಾಂತರವಾದವರು ಅಪ್ರಾಪ್ತರು, ಬುದ್ಧಿಸ್ವಾಧೀನವಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರು ಆಗಿದ್ದರೆ ೩ರಿಂದ ೧೦ ವರ್ಷ. ಈ ಸಾಲನ್ನು ಇನ್ನೊಂದು ಸಲ ಓದಿ. ಮಕ್ಕಳು, ಬುದ್ಧಿ ಇಲ್ಲದವರು, ಹೆಂಗಸರು, ನಾವು! ನಮ್ಮ ಆತ್ಮದ ಮೇಲೆ ನಮಗೇ ಅಧಿಕಾರವಿಲ್ಲ ಅಂತ ಬರೆದದ್ದು ಮನುವಲ್ಲ, ವಿಧಾನಸೌಧ. ೨೦೨೩ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ೨೦೦೮ರ ಸೆಪ್ಟೆಂಬರ್ ೧೪ರಂದು ಮಂಗಳೂರಿನಲ್ಲೂ ಬೇರೆ ಕಡೆಗಳಲ್ಲೂ ಪ್ರಾರ್ಥನಾ ಮಂದಿರಗಳಿಗೆ ನುಗ್ಗಿ ಹೊಡೆದವರು ಕಾನೂನಿಗೂ ಕಾದಿರಲಿಲ್ಲ.

ಮೀಸಲಾತಿಯ ಗಂಟು ಇದಕ್ಕೆ ಸೇರಿಕೊಂಡಿದೆ. ೧೯೫೦ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. ೧೯೫೬ರಲ್ಲಿ ಸಿಖ್ಖರಿಗೆ, ೧೯೯೦ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಕ್ರೈಸ್ತರಿಗೆ ತೆರೆಯಲಿಲ್ಲ. ಮದ್ರಾಸಿನಲ್ಲಿ ರಸ್ತೆ ಬದಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಸುಪ್ರೀಂ ಕೋರ್ಟಿನವರೆಗೆ ಹೋಗಿ ೧೯೮೫ರಲ್ಲಿ ಸೋತರು. ಚಪ್ಪಲಿ ಹೊಲಿಯುವ ಕೆಲಸ ಮಾತ್ರ ಮತಾಂತರವಾಗಿರಲಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಭಾನುವಾರ ಒಂದು ಹೆಸರು, ತಾಲ್ಲೂಕು ಕಚೇರಿಯಲ್ಲಿ ಇನ್ನೊಂದು ಹೆಸರು. ಸೈತಾನನಿಗೆ ಹೆದರದವಳು ಗುಮಾಸ್ತನಿಗೆ ಹೆದರುತ್ತಾಳೆ.

೧೯೮೬ರ ಮಾರ್ಚ್‌ನಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನೂ ಪೊಲೀಸರನ್ನೂ ಗುಂಪು ಹೊಡೆದು ಬಟ್ಟೆ ಕಿತ್ತು ಮೆರೆಸಿತು. ಆ ಗುಂಪಿನಲ್ಲಿ ನಮ್ಮ ಜನವೇ ಇದ್ದರು. ಮೈಮೇಲಿನ ದೇವರನ್ನು ಭಾಷಣದಿಂದ ಇಳಿಸಲಾಗದು ಅಂತ ಅಂದೇ ಗೊತ್ತಾಯಿತು.

ನಿಮ್ಹಾನ್ಸ್‌ನ ವೈದ್ಯ ರಘುರಾಂ ಮತ್ತು ಅವರ ಸಂಗಡಿಗರು ೨೦೦೨ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಿಳುನಾಡಿನ ಹಳ್ಳಿಯ ಒಂದು ಗುಡಿಯಲ್ಲಿ ತೀವ್ರ ಮನೋರೋಗದ ೩೧ ಜನ ಸರಾಸರಿ ಆರು ವಾರ ತಂಗಿದ್ದರು. ಔಷಧಿ ಇಲ್ಲ. ಆದರೂ ರೋಗಲಕ್ಷಣಗಳು ಸುಮಾರು ಐದನೇ ಒಂದು ಪಾಲು ಇಳಿದವು. ವೈದ್ಯರು ಅದಕ್ಕೆ ಯಾವ ಮಂತ್ರವನ್ನೂ ಕಾರಣ ಮಾಡಲಿಲ್ಲ. ಬೈಯದ, ಹೊಡೆಯದ, ನೆರಳು ಕೊಟ್ಟು ಇರಗೊಟ್ಟ ಜಾಗ ಅದು ಎಂದರು. ಅಂಥ ಆರು ವಾರ ಪಿಲ್ಲಗುಂಪೆಯ ಶೆಡ್ಡಿನಲ್ಲಿ ಗುತ್ತಿಗೆ ಕೂಲಿಗೆ ನಿಂತವಳಿಗೆ ಯಾರು ಕೊಡುತ್ತಾರೆ? ಮೂರು ದಿನ ತಪ್ಪಿಸಿದರೆ ಗೇಟಿನಲ್ಲೇ ಹೆಸರು ಹೊಡೆದುಹಾಕುತ್ತಾರೆ. ಅದಕ್ಕೇ ಒಂದೇ ರಾತ್ರಿಯಲ್ಲಿ ಬಿಡಿಸುವವನು ಬೇಕಾಗುತ್ತಾನೆ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ತರಗತಿಯ ಹುಡುಗಿಯೊಬ್ಬಳು ದೆವ್ವ ಹಿಡಿದಿದೆ ಅಂತ ಶಾಲೆ ಬಿಟ್ಟರೆ ಅವಳ ಮನೆಗೆ ಹೋಗಿ. ಪ್ರಾರ್ಥನೆ ನಿಲ್ಲಿಸಿ ಅನ್ನಬೇಡಿ, ಹೊಡೆತ ನಿಲ್ಲಿಸಿ ಅನ್ನಿ, ಮಾತ್ರೆ ನಿಲ್ಲಿಸಬೇಡಿ ಅನ್ನಿ. ೨೦೨೨ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ನ ನಂಬರು ೧೪೪೧೬, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಕೂತಿರುವ ಪಾಸ್ಟರನಿಗೂ ಆ ನಂಬರು ಬರೆದುಕೊಡಿ. ಅನೇಕ ಕಡೆ ಅವನೂ ನಮ್ಮ ಕೇರಿಯವನೇ, ನಿಮ್ಮ ಶಾಲೆಯಲ್ಲೇ ಏಳನೇ ಕ್ಲಾಸು ಓದಿ ಬಿಟ್ಟವನಿರಬಹುದು.