ಮೂರೋ, ನಾಲ್ಕೋ, ಐದೋ: ಇಂಗ್ಲಿಷ್ ಶಾಲಾ ವ್ಯಾಕರಣದಲ್ಲಿ ವಾಕ್ಯಭೇದಗಳು

ಮಾತನ್ನು ಬಗೆಬಗೆಯಾಗಿ ವಿಂಗಡಿಸಿದವರಲ್ಲಿ ಕ್ರಿ.ಪೂ. 5ನೆಯ ಶತಮಾನದ ಪ್ರೊಟಾಗೊರಾಸ್ ಮೊದಲಿಗನೆಂಬುದು ಗ್ರೀಕ್ ಪರಂಪರೆಯ ನಂಬಿಕೆ. ಹಾರೈಕೆ, ಪ್ರಶ್ನೆ, ಉತ್ತರ, ಆಜ್ಞೆ ಎಂದು ಅವನು ನಾಲ್ಕು ಪಾಲು ಮಾಡಿದನೆಂದು ಜೀವನಚರಿತ್ರೆಕಾರ ಡಯೋಜೆನಿಸ್ ಲಯೆರ್ಟಿಯಸ್ ಬರೆದಿದ್ದಾನೆ. ಇಲಿಯಡ್ ಕಾವ್ಯದ ಆರಂಭದಲ್ಲಿ ಹೋಮರ್ ದೇವಿಗೆ ‘ಹಾಡು’ ಎಂದದ್ದು ಪ್ರಾರ್ಥನೆಯಲ್ಲ, ಅಪ್ಪಣೆ ಎಂದು ಇದೇ ಪ್ರೊಟಾಗೊರಾಸ್ ತಪ್ಪು ಹಿಡಿದಿದ್ದ. ಅದು ಕಾವ್ಯಕ್ಕೆ ಸೇರಿದ ವಿಚಾರವಲ್ಲ ಎಂದು ಅರಿಸ್ಟಾಟಲ್ ಆ ಆಕ್ಷೇಪವನ್ನು ಬದಿಗಿಟ್ಟ. ತೊಡಕು ಮಾತ್ರ ಉಳಿಯಿತು: ವಾಕ್ಯದ ಜಾತಿಯನ್ನು ಅದರ ರೂಪ ನೋಡಿ ಹೇಳಬೇಕೋ, ಆಡಿದವರ ಉದ್ದೇಶ ನೋಡಿ ಹೇಳಬೇಕೋ? ಮಕ್ಕಳಿಗೆಂದು ಬರೆದ ಇಂಗ್ಲಿಷ್ ವ್ಯಾಕರಣಗಳಲ್ಲಿ ಭೇದಗಳ ಎಣಿಕೆ ಬದಲಾಗುತ್ತ ಬಂದದ್ದಕ್ಕೆ ಬಹುಮಟ್ಟಿಗೆ ಇದೇ ಕಾರಣ.

1586ರಲ್ಲಿ ಬಂದ ವಿಲಿಯಂ ಬುಲೋಕರನ ಪುಸ್ತಕ ಇಂಗ್ಲಿಷ್ ಭಾಷೆಯ ಮೊದಲ ವ್ಯಾಕರಣ. ಅದರಲ್ಲೂ ಅದರ ನಂತರ ಬಂದವುಗಳಲ್ಲೂ ಲ್ಯಾಟಿನ್ ಮಾದರಿಯ ಪದವರ್ಗಗಳದೇ ಕಾರುಬಾರು. ವಾಕ್ಯಭೇದಕ್ಕೆ ಶಾಲೆಯಲ್ಲಿ ಗಟ್ಟಿ ಜಾಗ ಸಿಕ್ಕಿದ್ದು ಲಿಂಡ್ಲೆ ಮರ್ರೆಯ 1795ರ ವ್ಯಾಕರಣದಿಂದ. ಅಮೆರಿಕದಲ್ಲಿ ಹುಟ್ಟಿ ಇಂಗ್ಲೆಂಡಿನ ಯಾರ್ಕ್ ಬಳಿ ನೆಲೆಸಿದ್ದ ಮರ್ರೆ ಅದನ್ನು ಬರೆದದ್ದು ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದಕ್ಕಾಗಿ. ಅವನ ಲೆಕ್ಕದಲ್ಲಿ ಸರಳ ವಾಕ್ಯಗಳು ಮೂರೇ: ವಿವರಿಸುವವು, ಕೇಳುವವು, ಆಜ್ಞಾಪಿಸುವವು. ಉದ್ಗಾರಕ್ಕೂ ಹಾರೈಕೆಗೂ ಅಲ್ಲಿ ಬೇರೆ ಮನೆಯಿಲ್ಲ.

ಭಾರತದ ಶಾಲೆಗಳಿಗೆ ಎಣಿಕೆ ಬೆಳೆದು ಬಂತು. ಔಧ್ ಮತ್ತು ವಾಯವ್ಯ ಪ್ರಾಂತ್ಯಗಳ ಶಿಕ್ಷಣ ನಿರ್ದೇಶಕನಾಗಿದ್ದ ಜೆ.ಸಿ. ನೆಸ್‌ಫೀಲ್ಡ್ 19ನೆಯ ಶತಮಾನದ ಕೊನೆಯಲ್ಲಿ ಬರೆದ ಪುಸ್ತಕಗಳು ಐದು ಭೇದ ಹೇಳುತ್ತವೆ: ಅಸರ್ಟಿವ್ (ಹೇಳಿಕೆ), ಇಂಪರೇಟಿವ್ (ಆಜ್ಞೆ), ಇಂಟರಾಗೇಟಿವ್ (ಪ್ರಶ್ನೆ), ಆಪ್ಟೇಟಿವ್ (ಹಾರೈಕೆ), ಎಕ್ಸ್‌ಕ್ಲಮೇಟರಿ (ಉದ್ಗಾರ). ಪ್ರೊಟಾಗೊರಾಸ್ ಎಣಿಸಿದ್ದ ಹಾರೈಕೆ ಹೀಗೆ ಮತ್ತೆ ಪಟ್ಟಿಗೆ ಸೇರಿತು. ಗ್ರೀಕ್‌ನಲ್ಲಿ ಪ್ರಾಚೀನ ಕಾಲದಲ್ಲಿ ಅದಕ್ಕೆ ಕ್ರಿಯಾಪದದ ಪ್ರತ್ಯೇಕ ರೂಪವೇ ಇತ್ತು; ಇಂಗ್ಲಿಷಿನಲ್ಲಿ ಇಲ್ಲದ ಕಾರಣ ‘ಮೇ’ ಎಂಬ ಸಹಾಯಕ್ರಿಯೆಯನ್ನು ಸಾಮಾನ್ಯವಾಗಿ ಮುಂದಿಡಬೇಕು. ಕನ್ನಡದ ಮಗುವಿಗೆ ಈ ಪಾಠ ಅಷ್ಟೇನೂ ಹೊಸದಲ್ಲ, ‘ಮಳೆ ಬರಲಿ’ ಎನ್ನುವಾಗ ಹಾರೈಕೆ ಕ್ರಿಯಾಪದದೊಳಗೇ ಕೂತಿರುತ್ತದೆ. ತೊಡಕಿರುವುದು ಪ್ರಶ್ನೆಯಲ್ಲಿ. ‘ನೀನು ಬಂದೆ’ ಎಂಬುದಕ್ಕೆ ‘ಆ’ ಹಚ್ಚಿದರೆ ‘ನೀನು ಬಂದೆಯಾ’ ಆಗುತ್ತದೆ, ಪದಗಳ ಸ್ಥಾನ ಕದಲುವುದಿಲ್ಲ. ಇಂಗ್ಲಿಷಿನಲ್ಲಿ ‘ಯೂ ಕೇಮ್’ ಎಂಬುದು ‘ಡಿಡ್ ಯೂ ಕಮ್’ ಆಗಬೇಕಾದರೆ ಎಲ್ಲಿಯೂ ಇಲ್ಲದ ‘ಡಿಡ್’ ಬರಬೇಕು, ‘ಕೇಮ್’ ತನ್ನ ಭೂತಕಾಲವನ್ನು ಅದಕ್ಕೆ ಬಿಟ್ಟುಕೊಡಬೇಕು.

ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದ ಪಿ.ಸಿ. ರೆನ್ ಎಚ್. ಮಾರ್ಟಿನ್ ಜೊತೆ ಬರೆದ ಪ್ರಸಿದ್ಧ ವ್ಯಾಕರಣ ಮತ್ತೆ ನಾಲ್ಕಕ್ಕೆ ಇಳಿಯಿತು. ಹಾರೈಕೆ ಅದರಲ್ಲಿ ಇನ್‌ಡೈರೆಕ್ಟ್ ಸ್ಪೀಚ್ ಪಾಠದೊಳಗೆ ಉದ್ಗಾರದ ಮಗ್ಗುಲಲ್ಲಿ ಉಳಿದುಕೊಂಡಿತು. ‘ವಾಟ್ ಎ ಬಿಗ್ ಟ್ರೀ ಇಟ್ ಈಸ್!’ ಎಂಬುದನ್ನು ‘ಇಟ್ ಈಸ್ ಎ ವೆರಿ ಬಿಗ್ ಟ್ರೀ’ ಎಂದು ತಿರುಗಿಸುವ ಅಭ್ಯಾಸ ಈ ಬಗೆಯ ಪುಸ್ತಕಗಳ ಜೀವಾಳ. ಇದರಿಂದ ಮಕ್ಕಳಿಗೆ ರೂಪದ ಹಿಡಿತ ಸಿಕ್ಕಿತು. ಯಾರು, ಯಾರಿಗೆ, ಯಾಕೆ ಹಾಗೆ ಹೇಳಿದರು ಎಂಬುದು ಮರೆಯಾಯಿತು.

ಆ ಮರೆವನ್ನು ನೇರವಾಗಿ ಎದುರಿಸಿದವರು ಅಮೆರಿಕದ ಭಾಷಾವಿಜ್ಞಾನಿ ಸಿ.ಸಿ. ಫ್ರೈಸ್. ಸುಮಾರು 50 ಗಂಟೆಗಳ ದೂರವಾಣಿ ಸಂಭಾಷಣೆಯನ್ನು ಆಧರಿಸಿದ ಅವರ 1952ರ ಗ್ರಂಥ ವಾಕ್ಯಗಳನ್ನು ವಿಂಗಡಿಸಿದ್ದು ಕೇಳಿದವರ ಪ್ರತಿಕ್ರಿಯೆಯಿಂದ: ಮಾತಿನ ಉತ್ತರ ಬಂತೇ, ಕೆಲಸ ನಡೆಯಿತೇ, ಬರಿಯ ‘ಹೂಂ’ಗುಟ್ಟುವಿಕೆ ಸಿಕ್ಕಿತೇ ಎಂದು. ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣ ರೂಪಕ್ಕೆ ನಾಲ್ಕು, ಬಳಕೆಗೆ ನಾಲ್ಕು ಹೆಸರಿಟ್ಟು ಎರಡನ್ನೂ ಬೇರ್ಪಡಿಸಿತು. ‘ಕ್ಯಾನ್ ಯೂ ಓಪನ್ ದ ಡೋರ್’ ಎಂಬುದು ರೂಪದಲ್ಲಿ ಪ್ರಶ್ನೆ, ಬಳಕೆಯಲ್ಲಿ ಕೋರಿಕೆ ಎಂದು ಹೇಳಲು ಇದರಿಂದ ಸಾಧ್ಯವಾಯಿತು.

ಶಾಲೆಗೆ ಈ ವಿವೇಕ ಪೂರ್ತಿ ಇಳಿದಿಲ್ಲ. 2014ರಲ್ಲಿ ಜಾರಿಗೆ ಬಂದ ಇಂಗ್ಲೆಂಡಿನ ಪಠ್ಯಕ್ರಮ ‘ಇಯರ್ 2’ ತರಗತಿಯ ಮಕ್ಕಳಿಗೆ ಹೇಳಿಕೆ, ಪ್ರಶ್ನೆ, ಉದ್ಗಾರ, ಆಜ್ಞೆಗಳನ್ನು ಕಲಿಸಲು ಹೇಳುತ್ತದೆ. ಪರೀಕ್ಷೆಯ ಮಟ್ಟಿಗೆ ಉದ್ಗಾರ ವಾಕ್ಯವೆಂದರೆ ‘ವಾಟ್’ ಅಥವಾ ‘ಹೌ’ನಿಂದ ಶುರುವಾಗಿ ಕ್ರಿಯಾಪದವನ್ನೂ ಒಳಗೊಂಡದ್ದು ಮಾತ್ರ ಎಂದು 2016ರಲ್ಲಿ ಸರ್ಕಾರ ಸ್ಪಷ್ಟಪಡಿಸಿದಾಗ ಶಿಕ್ಷಕರಿಂದ ಆಕ್ಷೇಪ ಬಂತು. ಆ ನಿಯಮದಂತೆ ‘ವಾಟ್ ಎ ಲವ್ಲಿ ಡೇ!’ ಕೂಡ ಉದ್ಗಾರ ವಾಕ್ಯವಲ್ಲ, ಅದರಲ್ಲಿ ಕ್ರಿಯಾಪದವಿಲ್ಲ.