ಮೂಲಾ ನಕ್ಷತ್ರದ ಬಳಿಯ ಚಿಟ್ಟೆ

ಬಾಹ್ಯಾಕಾಶದಿಂದ ತೆಗೆದ ನೀಹಾರಿಕೆಗಳ ವರ್ಣಚಿತ್ರಗಳನ್ನು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕಳುಹಿಸುತ್ತಾರೆ. ಎಲ್ಲದರ ಕೆಳಗೂ 'ಹಬಲ್' ಎಂದೇ ಇರುತ್ತದೆ. 1990ರಲ್ಲಿ ಮೇಲೇರಿದ ಹಬಲ್, 2021ರಲ್ಲಿ ಹೋದ ಜೇಮ್ಸ್ ವೆಬ್, ಇವುಗಳ ಕೀರ್ತಿ ಜಗತ್ತಿಗೇ ತಿಳಿದದ್ದು. ಆದರೆ ನಮ್ಮ ಹೊಸಕೋಟೆಯಲ್ಲಿ ಜೋಡಣೆಗೊಂಡ ದೂರದರ್ಶಕವೊಂದು ಆ ಸಾಲಿನಲ್ಲಿರುವುದು ಬೆಳಗಾವಿಯ ಎಷ್ಟು ಮಂದಿಗೆ ಗೊತ್ತು?

ಅದರ ಹೆಸರು ಯು.ವಿ.ಐ.ಟಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಸಿದ್ಧವಾದ ಈ ಅವಳಿ ದೂರದರ್ಶಕವು 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಶ್ರೀಹರಿಕೋಟೆಯಿಂದ ಮೇಲೇರಿತು. ಇದು ನೋಡುವುದು ನೇರಳಾತೀತ ಕಿರಣಗಳನ್ನು. ಅವುಗಳಲ್ಲಿ ಬಹುಪಾಲನ್ನು ಓಝೋನ್ ಪದರ ತಡೆಯುವುದರಿಂದ ಭೂಮಿಯ ಮೇಲಿನ ದೂರದರ್ಶಕಕ್ಕೆ ಈ ಕೆಲಸ ಅಸಾಧ್ಯ. ಕನ್ನಡಿಯ ಮೇಲೆ ಕಾಣದಷ್ಟು ತೆಳುವಾದ ಪೊರೆ ಕುಳಿತರೂ ಆ ಬೆಳಕು ನಷ್ಟವಾಗುತ್ತದೆ. ಆದ್ದರಿಂದ ಉಪಗ್ರಹದೊಳಗಿನ ಆವಿಯೆಲ್ಲ ಹೊರಹೋಗಲೆಂದು ಎರಡು ತಿಂಗಳು ಬಾಗಿಲು ಮುಚ್ಚಿಟ್ಟು, ನವೆಂಬರ್ 30ರಂದು ತೆರೆದರು. ಮೇಲೆ ಕಳುಹಿಸಿಯೂ ಕಾಯ್ದ ಆ ಸಂಯಮ ನನಗೆ ಬಹಳ ಮೆಚ್ಚಿಗೆ.

ಹಬಲ್‌ನ ಕನ್ನಡಿ 2.4 ಮೀಟರ್, ಇದರದು ಕೇವಲ 37.5 ಸೆಂಟಿಮೀಟರ್. ಸೂಕ್ಷ್ಮತೆಯಲ್ಲಿ ಹಬಲ್‌ಗೆ ಸಾಟಿಯಲ್ಲ. ಆದರೆ ಒಮ್ಮೆಗೇ ಹುಣ್ಣಿಮೆಯ ಚಂದ್ರನಷ್ಟು ಅಗಲದ ಆಕಾಶ ಇದರ ಕಣ್ಣಿಗೆ ಬೀಳುತ್ತದೆ. ಆ ಅಗಲವೇ ಚಿಟ್ಟೆ ನೀಹಾರಿಕೆಯಲ್ಲಿ ಫಲ ಕೊಟ್ಟಿತು. ವೃಶ್ಚಿಕದ ಬಾಲದಲ್ಲಿ, ಮೂಲಾ ನಕ್ಷತ್ರದ ಸಮೀಪ ಅದರ ನೆಲೆ. ಮೂಲಾ ನಕ್ಷತ್ರದ ಹೆಣ್ಣೆಂದು ಸಂಬಂಧ ಬಿಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ಒಮ್ಮೆ ಆ ಕಡೆ ಕತ್ತೆತ್ತಿ ನೋಡಿದರೆ ಚೆನ್ನ. ಖಾನಾಪುರದಲ್ಲಿ ಮುಂಗಾರಿಗೆ ಮುನ್ನ, ಮೇ ತಿಂಗಳ ನಡುರಾತ್ರಿ, ಆಗ್ನೇಯದಲ್ಲಿ ಮೂಲಾ ಕಾಣುತ್ತದೆ, ನೀಹಾರಿಕೆ ಮಾತ್ರ ಬರಿಗಣ್ಣಿಗೆ ಸಿಗದು. ಸಾಯುತ್ತಿರುವ ನಕ್ಷತ್ರವೊಂದು ಹೊರಚೆಲ್ಲಿದ ಅನಿಲವೇ ಈ ಚಿಟ್ಟೆ. ಹಬಲ್ ಅದರ ರೆಕ್ಕೆಗಳನ್ನು ಮನೋಹರವಾಗಿ ತೋರಿಸಿತ್ತು. 2018ರಲ್ಲಿ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು ಯು.ವಿ.ಐ.ಟಿ. ಚಿತ್ರದಲ್ಲಿ ಆ ರೆಕ್ಕೆಗಳಾಚೆಗೂ ಬಹುದೂರ ಹರಡಿದ ಮಸುಕಾದ ಪ್ರಭೆಯನ್ನು ಗುರುತಿಸಿದರು. ತಣ್ಣನೆಯ ಹೈಡ್ರೋಜನ್ ಅಣುಗಳು ನಕ್ಷತ್ರದ ಬೆಳಕನ್ನು ಹೀರಿ ಮಿನುಗುವುದರಿಂದ ಇದಾಗಿರಬೇಕೆಂಬುದು ಅವರ ವಿವರಣೆ. ಅಂದರೆ ನಕ್ಷತ್ರ ಹೊರಹಾಕಿದ ದ್ರವ್ಯದ ಲೆಕ್ಕದಲ್ಲಿ ಇದುವರೆಗೆ ಬಿಟ್ಟುಹೋದ ಪಾಲು ಅಲ್ಲಿತ್ತು.

ಕಾಣದ ಕಿರಣಕ್ಕೆ ಬಣ್ಣ ಎಲ್ಲಿಂದ ಬಂತೆಂದು ಕೇಳುತ್ತೀರಿ. ವಿಜ್ಞಾನಿಗಳು ಕೊಟ್ಟದ್ದೇ. ಹಾಗೆಂದು ಅದು ಸುಳ್ಳಲ್ಲ. ಭೂಪಟದಲ್ಲಿ ಎತ್ತರಕ್ಕೊಂದು ಬಣ್ಣ ಕೊಟ್ಟು ಪಶ್ಚಿಮ ಘಟ್ಟವನ್ನು ತೋರಿಸುವುದಿಲ್ಲವೇ?

2020ರಲ್ಲಿ ಪುಣೆಯ ಐಯುಕಾದ ಕನಕ್ ಸಾಹಾ ಅವರ ತಂಡ ಇದೇ ದೂರದರ್ಶಕದಿಂದ 930 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯೊಂದರ ತೀವ್ರ ನೇರಳಾತೀತ ಬೆಳಕನ್ನು ಪತ್ತೆಹಚ್ಚಿತು. 2016ರ ಅಕ್ಟೋಬರಿನಲ್ಲಿ 28 ಗಂಟೆಗೂ ಮೀರಿ ನೋಡಿದ್ದರ ಫಲವದು. ಉಪಕರಣದ ಎರಡು ನೇರಳಾತೀತ ವಾಹಿನಿಗಳಲ್ಲಿ ಒಂದು 2018ರಲ್ಲಿ ನಿಂತುಹೋಯಿತು. ಐದು ವರ್ಷದ ಕೆಲಸಕ್ಕೆಂದು ಹೋದ ಆಸ್ಟ್ರೋಸ್ಯಾಟ್ 2025ರ ಸೆಪ್ಟೆಂಬರಿಗೆ ಹತ್ತು ವರ್ಷ ಪೂರೈಸಿತು.