ಸೋವಿ ಊರು, ತುಟ್ಟಿ ಬದುಕು: ಬೀದರದ ಪರದೇಶಿಗಳು

‘ಪಾಪ, ಅವ ಪರದೇಶಿ ಆಗ್ಯಾನ’ ಎಂದು ಹುಮನಾಬಾದ ಕಡೆ ಯಾರಾದರೂ ಹೇಳಿದರೆ, ಆತ ವಿಮಾನ ಹತ್ತಿ ಹೋದ ಎಂದು ಅರ್ಥವಲ್ಲ. ಆತನಿಗೆ ಹಿಂದೆ ಮುಂದೆ ಯಾರೂ ಇಲ್ಲ ಎಂದರ್ಥ. ಬೇರೆ ದೇಶದವನು ಎಂಬ ಮಾತು ನಮ್ಮಲ್ಲಿ ದಿಕ್ಕಿಲ್ಲದವನು ಎಂದಾಗಿದೆ. ‘ಗರೀಬ’ ಎಂಬ ಶಬ್ದದ ಕಥೆಯೂ ಇದೇ. ಅರಬ್ಬಿಯಲ್ಲಿ ಅದಕ್ಕೆ ಅಪರಿಚಿತ, ಹೊರಗಿನವನು ಎಂಬ ಅರ್ಥ; ನಮ್ಮ ಬಜಾರಿಗೆ ಬರುವ ಹೊತ್ತಿಗೆ ಅದು ಬಡವ ಎಂದಾಯಿತು. ಪರಊರಿನಲ್ಲಿ ನಿಂತವನು ಬಡವನೇ ಎಂಬುದು ಎರಡೂ ಭಾಷೆಗಳ ಅನುಭವ.

ಇಂದು ಕಾಲ ತಿರುಗಿದಂತೆ ಕಾಣುತ್ತದೆ. ಉತ್ತರ ಆಫ್ರಿಕದ ಮೊರಾಕ್ಕೊ, ಟುನೀಸಿಯಾಗಳ ಊರುಗಳಲ್ಲಿ ಫ್ರಾನ್ಸಿನಿಂದ ಬಂದ ನಿವೃತ್ತರು ಮನೆ ಮಾಡಿಕೊಂಡಿದ್ದಾರೆ. ಯೂರೋದಲ್ಲಿ ಬರುವ ಪಿಂಚಣಿ ಅಲ್ಲಿ ಹೆಚ್ಚು ದಿನ ಬಾಳುತ್ತದೆ. ಬಾಡಿಗೆ, ತರಕಾರಿ, ಮನೆಗೆಲಸದವರ ಸಂಬಳ ಎಲ್ಲವೂ ಅವರಿಗೆ ಸೋವಿ. ಅದೇ ಓಣಿಯಲ್ಲಿ ಹುಟ್ಟಿ ಬೆಳೆದವರಿಗೆ ಅದೇ ಬಾಡಿಗೆ ತುಟ್ಟಿ. ಇಲ್ಲಿ ಪರದೇಶಿಯೇ ಸಾಹುಕಾರ. ಹಾಗಾದರೆ ಒಂದು ಊರು ಹೊರಗಿನವನಿಗೆ ಸೋವಿಯೋ ತುಟ್ಟಿಯೋ ಎಂಬುದನ್ನು ನಿರ್ಧರಿಸುವುದು ರೊಟ್ಟಿಯ ದರವೊಂದೇ ಏನು? ಉತ್ತರಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಹುಮನಾಬಾದಿಗೆ ಅಂಟಿಕೊಂಡಿರುವ ಮಾಣಿಕನಗರದಲ್ಲಿ ನಿಂತರೆ ಒಂದು ಕಡೆ ಬಸವಕಲ್ಯಾಣ, ಇನ್ನೊಂದು ಕಡೆ ಬೀದರ. ಎರಡೂ ಒಂದು ಕಾಲಕ್ಕೆ ರಾಜಧಾನಿಗಳು; ಎರಡೂ ಪರದೇಶಿಗಳನ್ನು ಕಂಡ ಊರುಗಳು.

ಮೊದಲು ಕಲ್ಯಾಣ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಕಾಶ್ಮೀರದಿಂದ ಬಿಲ್ಹಣ ಎಂಬ ಕವಿ ಬಂದ. ಊರೂರು ತಿರುಗಿ ಬಂದವನಿಗೆ ಇಲ್ಲಿ ‘ವಿದ್ಯಾಪತಿ’ ಪದವಿ ದೊರೆಯಿತು. ಆತ ದೊರೆಯ ಮೇಲೆ ‘ವಿಕ್ರಮಾಂಕದೇವಚರಿತ’ ಬರೆದ. ಆದರೆ ಅದರ ಕೊನೆಯ ಸರ್ಗದಲ್ಲಿ ಬರುವುದು ಕಾಶ್ಮೀರ, ಅಲ್ಲಿನ ತನ್ನ ಹುಟ್ಟೂರು. ಅನ್ನ ಕಲ್ಯಾಣದ್ದು, ನೆನಪು ಕಾಶ್ಮೀರದ್ದು.

ಅದೇ ಕಾಶ್ಮೀರದಿಂದ, ಮುಂದಿನ ತಲೆಮಾರುಗಳಲ್ಲಿ, ಬಸವಣ್ಣನ ಕಾಲಕ್ಕೆ ಮತ್ತೊಬ್ಬ ಬಂದನೆಂದು ಶರಣ ಪರಂಪರೆ ಹೇಳುತ್ತದೆ. ಆತ ಅಲ್ಲಿ ಅರಸನಾಗಿದ್ದನಂತೆ. ಇಲ್ಲಿ ಹೆಂಡತಿ ಮಹಾದೇವಮ್ಮನೊಡನೆ ಗುಡಿಸಲು ಹಾಕಿ, ಅಡವಿಯಿಂದ ಕಟ್ಟಿಗೆ ಹೊರೆ ತಂದು ಮಾರಿ ಬದುಕಿದ. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. ಅದರಿಂದಲೇ ಆತ ಮೋಳಿಗೆಯ ಮಾರಯ್ಯ. ಆತನ ಹಳೆಯ ಊರು ಜನರ ಬಾಯಿಂದ ಮರೆಯಾಯಿತು, ಕಾಯಕದ ಹೆಸರು ಉಳಿಯಿತು. ಪರದೇಶಿತನ ಕಳೆದುಕೊಳ್ಳುವ ದಾರಿಗಳಲ್ಲಿ ಇದೂ ಒಂದು.

ಮೂರು ಶತಮಾನ ಕಳೆದ ಮೇಲೆ ಬೀದರದ ಸರದಿ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ರಾಜಧಾನಿಯನ್ನು ಕಲಬುರ್ಗಿಯಿಂದ ಇಲ್ಲಿಗೆ ತಂದ. ಇರಾನಿನಿಂದ ಸಂತರು, ಸೈನಿಕರು, ಚಿತ್ರಕಾರರು, ಕುದುರೆ ವ್ಯಾಪಾರಿಗಳು ಚೌಲ, ದಾಭೋಳ ಬಂದರುಗಳಲ್ಲಿ ಇಳಿದು ಬೀದರದ ದಾರಿ ಹಿಡಿದರು. ಇವರನ್ನು ‘ಆಫಾಕಿ’ ಎಂದರು, ‘ಗರೀಬ’ ಎಂದೂ ಕರೆದರು. ಹೆಸರಿಗೆ ಗರೀಬರು, ದೊಡ್ಡ ಹುದ್ದೆಗಳೆಲ್ಲ ಇವರಿಗೇ ಹೋಗುತ್ತಿವೆ ಎಂದು ಮೊದಲಿನಿಂದ ಇಲ್ಲಿದ್ದ ದಖ್ಖನಿ ಸರದಾರರು ಹಲ್ಲು ಕಡಿಯುತ್ತಿದ್ದರು.

1470ರ ಸುಮಾರಿಗೆ ಈ ಊರಿಗೆ ಬಂದವನು ರಷ್ಯಾದ ತ್ವೇರ್ ನಗರದ ವ್ಯಾಪಾರಿ ಅಫನಾಸಿ ನಿಕಿತಿನ್. ಆತನ ಬಳಿ ಇದ್ದುದು ಒಂದು ಗಂಡು ಕುದುರೆ. ಜುನ್ನರದಲ್ಲಿ ಅಲ್ಲಿನ ಖಾನ ಅದನ್ನು ಕಸಿದುಕೊಂಡು, ಮತ ಬದಲಿಸಿದರೆ ಕುದುರೆಯ ಜೊತೆಗೆ ಸಾವಿರ ಚಿನ್ನದ ನಾಣ್ಯ ಕೊಡುವೆನೆಂದ. ಖುರಾಸಾನದ ಒಬ್ಬ ಖ್ವಾಜಾ ನಡುವೆ ಬಂದು ಬಿಡಿಸಿದ. ಕೊನೆಗೆ ಕುದುರೆ ಮಾರಾಟವಾದದ್ದು ಬೀದರದಲ್ಲಿ. ಬೀದರಕ್ಕೆ ಹನ್ನೆರಡು ಕೋಸು ದೂರದ ಆಳಂದದ ಜಾತ್ರೆಯಲ್ಲಿ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಸೇರುತ್ತಿದ್ದವೆಂದು ಆತ ಬರೆದಿದ್ದಾನೆ.

ನಿಕಿತಿನ್ ಲೆಕ್ಕ ಇಟ್ಟವನು. ಒಬ್ಬನೇ ಇದ್ದರೂ, ಮದ್ಯ ಮುಟ್ಟದಿದ್ದರೂ, ದಿನಕ್ಕೆ ಎರಡೂವರೆ ‘ಅಲ್ಟಿನ್’ ಖರ್ಚಾಗುತ್ತದೆ. ಇಲ್ಲಿ ನೆಲೆಸಿದರೆ ಇದ್ದುದೆಲ್ಲ ಕರಗುತ್ತದೆ ಎಂದು ಆತ ಕೊರಗಿದ. ಸರದಾರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಹೋಗುತ್ತಾರೆ, ಹಳ್ಳಿಯ ಜನ ಬಡವರು ಎಂಬುದನ್ನೂ ಕಂಡ. ಆದರೆ ಆತನಿಗೆ ತುಟ್ಟಿಯಾದದ್ದು ಬರೀ ಊಟವಲ್ಲ. ದಾರಿಯ ದರೋಡೆಯಲ್ಲಿ ಧರ್ಮಗ್ರಂಥಗಳು ಹೋಗಿದ್ದವು. ಈಸ್ಟರ್ ಯಾವಾಗ, ಉಪವಾಸ ಯಾವಾಗ ಎಂಬ ಲೆಕ್ಕವೇ ತಪ್ಪಿತು. ಮುಸಲ್ಮಾನರು ರೋಜಾ ಹಿಡಿದಾಗ ತಾನೂ ಉಪವಾಸ ಮಾಡಿದ.

ಒಂದು ಬಾಗಿಲು ಮಾತ್ರ ತೆರೆಯಿತು. ತಾನು ಮುಸಲ್ಮಾನನಲ್ಲ, ಕ್ರೈಸ್ತ ಎಂದು ಬೀದರದ ಹಿಂದೂಗಳಿಗೆ ಆತ ನಿಜ ಹೇಳಿದ. ಅಲ್ಲಿಂದ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ಆತನಿಂದ ಮುಚ್ಚಿಡಲಿಲ್ಲ. ಶಿವರಾತ್ರಿಗೆ ತಮ್ಮೊಡನೆ ಶ್ರೀಶೈಲ ಪರ್ವತಕ್ಕೂ ಕರೆದೊಯ್ದರು. ಆದರೂ ನಿಕಿತಿನ್ ಉಳಿಯಲಿಲ್ಲ. ದಾಭೋಳದಲ್ಲಿ ಹಡಗು ಹತ್ತಿದ. ತ್ವೇರ್ ತಲುಪುವ ಮೊದಲೇ ದಾರಿಯಲ್ಲಿ ತೀರಿಕೊಂಡ. 1957ರಲ್ಲಿ ಭಾರತ ಮತ್ತು ಸೋವಿಯತ್ ಒಕ್ಕೂಟ ಸೇರಿ ಆತನ ಮೇಲೆ ಸಿನಿಮಾ ತೆಗೆದವು. ಹಿಂದಿಯಲ್ಲಿ ಅದಕ್ಕಿಟ್ಟ ಹೆಸರು ‘ಪರದೇಸಿ’.

ಅದೇ ಸಿನಿಮಾದಲ್ಲಿ ಪೃಥ್ವಿರಾಜ ಕಪೂರ್ ವಹಿಸಿದ್ದು ಇನ್ನೊಬ್ಬ ಪರದೇಶಿಯ ಪಾತ್ರ. ಆತ ಮಹಮೂದ್ ಗಾವಾನ್. ಇರಾನಿನ ಗೀಲಾನಿನಿಂದ 1453ರಲ್ಲಿ ವ್ಯಾಪಾರಕ್ಕೆಂದು ಬಂದವನು ಬೀದರದಲ್ಲಿಯೇ ನಿಂತ, ರಾಜ್ಯದ ಪ್ರಧಾನಿಯಾದ. ನಾಲ್ಕು ಪ್ರಾಂತ್ಯಗಳನ್ನು ಎಂಟು ಮಾಡಿ ದಖ್ಖನಿಗಳಿಗೂ ಆಫಾಕಿಗಳಿಗೂ ಹಂಚಿದ. 1472ರಲ್ಲಿ ಆತ ಕಟ್ಟಿಸಿದ ಮದರಸಾ, ಅರ್ಧ ಉರುಳಿದ್ದರೂ, ಇಂದಿಗೂ ಚೌಬಾರದ ಹತ್ತಿರ ನೀಲಿ ಹೆಂಚುಗಳನ್ನು ಹೊತ್ತು ನಿಂತಿದೆ. ಊರಿನಿಂದ ತಂದ ಬಂಡವಾಳದ ಲಾಭದಲ್ಲಿ ತನ್ನ ಊಟದ ಖರ್ಚು ನೋಡಿಕೊಳ್ಳುತ್ತಿದ್ದ, ಚಾಪೆಯ ಮೇಲೆ ಮಲಗುತ್ತಿದ್ದ ಎಂದು ಇತಿಹಾಸಕಾರ ಫರಿಶ್ತಾ ಹೇಳುತ್ತಾನೆ.

ಇಪ್ಪತ್ತೆಂಟು ವರ್ಷ ದುಡಿದರೂ ವೈರಿಗಳ ಕಣ್ಣಿಗೆ ಆತ ಹೊರಗಿನವನೇ. ಒಡಿಶಾದ ಅರಸನನ್ನು ಆಕ್ರಮಣಕ್ಕೆ ಕರೆಯುವ ಒಂದು ಸುಳ್ಳು ಪತ್ರ ಸೃಷ್ಟಿಸಿ, ಅದಕ್ಕೆ ಗಾವಾನನ ಮೊಹರು ಒತ್ತಿಸಿದರು. ಹೊರಗಿನವನ ಮೇಲೆ ದ್ರೋಹದ ಆರೋಪ ಬೇಗ ಅಂಟುತ್ತದೆ. 1481ರ ಏಪ್ರಿಲಿನಲ್ಲಿ ಸುಲ್ತಾನ ಮೂರನೆಯ ಮುಹಮ್ಮದ್ ಆ ವೃದ್ಧನ ತಲೆ ತೆಗೆಸಿದ. ಮೋಸ ತಿಳಿದಾಗ ಕಾಲ ಮಿಂಚಿತ್ತು. ಮರುವರ್ಷ ಸುಲ್ತಾನನೂ ಸತ್ತ. ಮುಂದೆ ಬಹಮನಿ ರಾಜ್ಯ ಐದು ಹೋಳಾಯಿತು. ಒಬ್ಬ ಪರದೇಶಿಯನ್ನು ನಂಬದ ತಪ್ಪಿಗೆ ಊರೇ ತೆತ್ತ ಬೆಲೆ ಇದು.

ಸೋವಿ ಊರು ಹುಡುಕಿ ಹೋಗುವವರು ಬಾಡಿಗೆ ಕೇಳುತ್ತಾರೆ, ಸಂತೆಯ ದರ ಕೇಳುತ್ತಾರೆ. ಊರು ತನ್ನನ್ನು ಎಷ್ಟು ದಿನ ಹೊರಗಿನವನೆಂದು ಎಣಿಸುತ್ತದೆ ಎಂಬುದಕ್ಕೆ ದರಪಟ್ಟಿ ಇಲ್ಲ. ಮಾರಯ್ಯ ಅದನ್ನು ಕಟ್ಟಿಗೆ ಹೊತ್ತು ತೀರಿಸಿದ. ನಿಕಿತಿನ್ ತೀರಿಸಲಾಗದೆ ಹಿಂತಿರುಗಿದ. ಗಾವಾನ್ ತಲೆ ಕೊಟ್ಟ. ಆತನ ಗೋರಿ ಇರುವುದು ಗೀಲಾನಿನಲ್ಲಲ್ಲ, ಬೀದರದ ಪಕ್ಕದ ಗೋರನಳ್ಳಿಯಲ್ಲಿ. ಇಂದು ಬೀದರಕ್ಕೆ ನೆಂಟರು ಬಂದರೆ ಊರವರು ಮೊದಲು ತೋರಿಸುವ ಕಟ್ಟಡಗಳಲ್ಲಿ ಆತನ ಮದರಸಾ ಒಂದು. ‘ಇದು ನಮ್ಮ ಗಾವಾನ್ ಕಟ್ಟಿಸಿದ್ದು’ ಎನ್ನುತ್ತಾರೆ. ‘ನಮ್ಮ’ ಎಂಬ ಆ ಒಂದು ಮಾತು ಆತ ಬದುಕಿದ್ದಾಗ ದರಬಾರಿನಲ್ಲಿ ಸಿಕ್ಕಿರಲಿಲ್ಲ.